ನಾನು ಸಿಗ್ನಲ್ಲಿನ ಕತ್ತು ಹಿಸುಕಿದ್ದು

“ಈ ಮನೆಗೆ ಇನ್ನು ಮುಂದೆ ವ್ಯಾಪಾರದ ಫೋನ್ ಬಂದರೆ ಎತ್ತುವವನು ನಾನೊಬ್ಬನೇ!” ಎಂದು ಮೊನ್ನೆ ಶುಕ್ರವಾರ ಬೆಳಿಗ್ಗೆ ಕಾಫಿ ಲೋಟ ಮೇಲೆತ್ತಿ ಘೋಷಿಸಿದೆ. ಲೋಟದಲ್ಲಿ ಉಳಿದಿದ್ದ ಕಾಫಿ ಅಂಗಿಯ ಮೇಲೆ ಚೆಲ್ಲಿತು. ಶಕುನ ಅಲ್ಲೇ ಕಂಡಿತ್ತು, ನಾನೇ ಗಮನಿಸಲಿಲ್ಲ.

ಘೋಷಣೆಗೆ ಕಾರಣವಿತ್ತು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮನೆ ಮನೆಗೂ ಪವರ್‌ಲೂಮ್ ಮಗ್ಗ. ಎಲ್ಲರ ಸೀರೆಯಲ್ಲೂ ಅದೇ ನವಿಲು, ಅದೇ ಮಾವಿನಕಾಯಿ. ನನ್ನ ಹೆಂಡತಿ ಅನಿತ ಮಾತ್ರ ಆರು ತಿಂಗಳು ಗ್ರಾಫ್ ಹಾಳೆಯ ಮೇಲೆ ಚೌಕ ತುಂಬಿ ತುಂಬಿ ರಾಗಿ ತೆನೆಯ ಬಾರ್ಡರ್ ಬರೆದಳು. ಒಂದು ಸೀರೆ ನೇಯ್ದು ನೋಡಿದೆವು. ಗುಬ್ಬಿ ಬಂದು ಕುಕ್ಕೀತು ಅನ್ನಿಸುವಂತಿತ್ತು! ಅದನ್ನು ಬೆಂಗಳೂರಿನ ಸೀರೆ ವ್ಯಾಪಾರಿ ಕೋದಂಡರಾಮಯ್ಯನವರಿಗೆ ಕಳಿಸಿದ್ದೆವು. ಅವರು ಒಪ್ಪಿದರೆ ಈ ಮದುವೆ ಸೀಸನ್ನಿಗೆ ನಮ್ಮ ಮಗ್ಗದಲ್ಲಿ ಅನಿತಳ ತೆನೆ. ಒಪ್ಪದಿದ್ದರೆ ಮತ್ತೆ ಮಾವಿನಕಾಯಿ. ಮೂರು ದಿನದಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ.

ಕೋದಂಡರಾಮಯ್ಯನವರು ಭಾರಿ ಕಟ್ಟುನಿಟ್ಟಿನ ಮನುಷ್ಯ. ರಾಹುಕಾಲದಲ್ಲಿ ಆರ್ಡರ್ ಮಾತು ಆಡುವುದೇ ಇಲ್ಲ. ಶುಕ್ರವಾರದ ರಾಹುಕಾಲ ಹತ್ತೂವರೆಗೆ ಶುರು. “ಅಷ್ಟರೊಳಗೆ ನಾನೇ ಫೋನ್ ಮಾಡ್ತೀನಿ. ಮಾತು ಮುಗೀಲಿಲ್ಲ ಅಂದ್ರೆ ಈ ಸೀಸನ್ ಬೇಡ ಬಿಡಿ. ಆಮೇಲೆ ನಾನು ಯಾತ್ರೆಗೆ ಹೊರಟೆ, ಹದಿನೈದು ದಿನ ಸಿಕ್ಕಲ್ಲ” ಎಂದು ಮೊದಲೇ ಹೇಳಿದ್ದರು.

“ಅವರು ಬಾರ್ಡರ್ ವಿಚಾರ ಕೇಳ್ತಾರೆ, ನಾನೇ ಮಾತಾಡ್ತೀನಿ ರೀ” ಎಂದಳು ಅನಿತ.

“ನೀನು ಚೌಕ ತುಂಬು. ಮಾತು ತುಂಬೋದು ನನ್ನ ಕೆಲಸ!”

“ಅದರಲ್ಲಿ ನಿಮ್ಮನ್ನ ಮೀರಿಸೋರು ತಾಲ್ಲೂಕಲ್ಲೇ ಇಲ್ಲ ಬಿಡಿ.”

ಅವಳ ಫೋನು ರಿಪೇರಿಗೆ ಹೋಗಿ ವಾರವಾಗಿತ್ತು. ಮನೆಗೆಲ್ಲ ನನ್ನದೊಂದೇ ಗತಿ. ಬೇರೆ ದಾರಿಯಿಲ್ಲದೆ ಅವಳು ಸಂಡಿಗೆ ಹಿಟ್ಟಿನ ಪಾತ್ರೆ ಹೊತ್ತು ತಾರಸಿಗೆ ಹೋದಳು. ಅಲ್ಲಿ ನಮ್ಮಮ್ಮ ಆದಿಲಕ್ಷ್ಮಮ್ಮ ಆಗಲೇ ಹಳೇ ಪಂಚೆ ಹಾಸಿ, ಕಾಗೆ ಓಡಿಸುವ ಕೋಲು ಹಿಡಿದು ಸಿದ್ಧವಾಗಿ ಕೂತಿದ್ದರು.

ಒಂಬತ್ತು ನಲವತ್ತಕ್ಕೆ ಮೊದಲ ಕರೆ ಬಂತು. ನಾನು ಮಗ್ಗದ ಮನೆಯಲ್ಲಿದ್ದೆ. ಇಲ್ಲಿ ನಮ್ಮ ನೇಕಾರರ ಫೋನ್ ವಿದ್ಯೆಯನ್ನು ನಿಮಗೆ ತಿಳಿಸಲೇಬೇಕು. ಎರಡು ಮಗ್ಗ ಟಕಟಕ ಬಡಿಯುವಾಗ ಪಕ್ಕದವನ ಸೀನು ಕೂಡ ಕೇಳಿಸುವುದಿಲ್ಲ. ಹಾಗಾಗಿ ನಾವು ಫೋನನ್ನು ಬೆರಳಲ್ಲಿ ಹಿಡಿಯುವುದಿಲ್ಲ. ಎರಡೂ ಅಂಗೈಯಲ್ಲಿ ಮೇಲಿಂದ ಕೆಳಗಿನವರೆಗೆ ಮುಚ್ಚಿ, ಗಾಳಿಗೆ ದೀಪ ಆರದಂತೆ ಕಾಪಾಡುವ ಹಾಗೆ ಕಿವಿಗೆ ಅಮುಕಿಕೊಂಡು ಅರಚುತ್ತೇವೆ. ಇಪ್ಪತ್ತೈದು ವರ್ಷದ ಅಭ್ಯಾಸ! ದೇವಸ್ಥಾನದಲ್ಲೂ ನಾನು ಹಾಗೆಯೇ ಮಾತಾಡುವುದು. ಪೂಜಾರಿಗಳು ಎರಡು ಸಲ ಹೊರಗೆ ಕಳಿಸಿದ್ದಾರೆ.

“ಹಲೋ! ಸಾರ್! ಯೋಗಾನಂದ!” ಎಂದು ಅರಚಿದೆ.

“ಯೋಗಾನಂ... ಆ ಬಾರ್ಡ...”

ಅಷ್ಟೇ. ಕಟ್! ನೋಡಿದರೆ ಸಿಗ್ನಲ್ಲಿನ ಒಂದು ಕಡ್ಡಿಯೂ ಇಲ್ಲ. ಸಿಟ್ಟಿನಿಂದ ಫೋನನ್ನು ಸ್ಟೂಲಿನ ಮೇಲೆ ಕುಕ್ಕಿದೆ, ಎರಡು ಕಡ್ಡಿ ಬಂತು. ಎತ್ತಿಕೊಂಡೆ, ಎರಡೂ ಮಾಯ! ನಾನು ಸಾಮಾನ್ಯನೇ? ತಕ್ಷಣ ಕಾರಣ ಕಂಡುಹಿಡಿದೆ: ಮಗ್ಗದ ಮೋಟಾರು ಸಿಗ್ನಲ್ ತಿನ್ನುತ್ತಿದೆ! ಎರಡೂ ಮಗ್ಗ ನಿಲ್ಲಿಸಿದೆ.

ಹತ್ತು ಗಂಟೆಗೆ ಎರಡನೇ ಕರೆ. ಮತ್ತೆ ಎರಡೂ ಕೈಯಲ್ಲಿ ಬಾಚಿ ಅಮುಕಿಕೊಂಡೆ. “ಹಲೋ! ಹಲೋ!” ಕಟ್. ತಿರುಗಿ ಮಾಡೋಣವೆಂದು ಒತ್ತಿ ಕಿವಿಗೆ ಹಿಡಿದರೆ ಸಂಪರ್ಕವೇ ಇಲ್ಲ. ಹಾಗಾದರೆ ಇದು ಪಕ್ಕದ ಮನೆ ಕೊಂಡಪ್ಪನ ಮೋಟಾರೇ ಸರಿ! ಓಡಿದೆ.

“ಕೊಂಡಪ್ಪಣ್ಣ, ಒಂದರ್ಧ ಗಂಟೆ ಮಗ್ಗ ನಿಲ್ಸಣ್ಣ. ನಿನ್ನ ಮಗ್ಗ ನಮ್ಮ ಸಿಗ್ನಲ್ ತಿಂತಾ ಇದೆ!”

“ಮಗ್ಗ ನೂಲು ತಿನ್ನೋದು ಗೊತ್ತಿತ್ತು ಗುರು, ಸಿಗ್ನಲ್ಲೂ ತಿಂತದಾ?” ಎಂದು ಅವನು ತಲೆ ಕೆರೆದುಕೊಂಡರೂ, ಒಳ್ಳೆಯವನು, ನಿಲ್ಲಿಸಿಬಿಟ್ಟ. ಅವನದು ನಿಂತದ್ದು ಕೇಳಿ ಆಚೆ ಮನೆಯವರು ನಿಲ್ಲಿಸಿದರು. ಅವರದು ಕೇಳಿ ಅದರಾಚೆಯವರು. ಐದೇ ನಿಮಿಷದಲ್ಲಿ ಬೀದಿಗೆ ಬೀದಿಯೇ ಸ್ತಬ್ಧ! ನಮ್ಮಲ್ಲಿ ಮಗ್ಗದ ಸದ್ದು ಹೀಗೆ ನಿಂತರೆ ಅರ್ಥ ಎರಡೇ. ಒಂದು ಕರೆಂಟ್ ಹೋಗಿರಬೇಕು, ಇಲ್ಲ ಯಾರಾದರೂ ಹೋಗಿರಬೇಕು. ಫ್ಯಾನುಗಳು ತಿರುಗುತ್ತಲೇ ಇದ್ದವು.

ನನಗೆ ಅದರ ಕಡೆ ಗಮನವೇ ಇರಲಿಲ್ಲ. ಮೆಟ್ಟಿಲು ಹಾರಿ ತಾರಸಿಗೆ ಬಂದೆ.

“ಏನ್ರೀ, ಏನಂದ್ರು?” ಅನಿತ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

“ಅನ್ನೋಕೆ ಬಿಟ್ರೆ ತಾನೇ! ದೇವನಹಳ್ಳಿಗೆ ಇಳಿಯೋ ವಿಮಾನಗಳು ಸಿಗ್ನಲ್ಲನ್ನ ಬಾಚ್ಕೊಂಡು ಹೋಗ್ತಿವೆ ಕಣೇ! ಇನ್ನೂ ಮೇಲಕ್ಕೆ ಹೋಗ್ಬೇಕು.”

“ಇನ್ನೂ ಮೇಲೆ ಅಂದ್ರೆ ವಿಮಾನಕ್ಕೇ ಹತ್ತಬೇಕಷ್ಟೆ” ಎಂದರು ಅಮ್ಮ.

ಮೇಲೆ ಎಂದರೆ ಉಳಿದಿದ್ದದ್ದು ನೀರಿನ ಟ್ಯಾಂಕು. ಹತ್ತಿದೆ. ಮುಚ್ಚಳದ ಮೇಲೆ ವಿಜಯಸ್ತಂಭದಂತೆ ನಿಂತೆ. ಮುಚ್ಚಳ ಓರೆಯಾಯಿತು. ಬಲಗಾಲು ತೊಡೆಯವರೆಗೆ ನೀರೊಳಗೆ, ಎಡಗಾಲು ಹೊರಗೆ! ಬೀಳದಂತೆ ಒಂದು ಕೈಯಲ್ಲಿ ಟ್ಯಾಂಕಿನ ಅಂಚು ಹಿಡಿದೆ. ಇನ್ನೊಂದು ಕೈಯಲ್ಲಿ, ನೆನೆಯದಿರಲಿ ಎಂದು ಫೋನಿನ ತುದಿಯನ್ನು ಎರಡೇ ಬೆರಳಲ್ಲಿ ಚಿವುಟಿ ಆಕಾಶಕ್ಕೆ ಎತ್ತಿದೆ. ಆಗ, ಅಯ್ಯೋ ದೇವರೇ, ನಾಲ್ಕು ಕಡ್ಡಿ ತುಂಬಿಬಂತು! ಫೋನೂ ಹೊಡೆದುಕೊಂಡಿತು!

“ಬಂತು ಕಣೇ ಬಂತು!” ಎಂದು ಕೂಗಿ, ಟ್ಯಾಂಕಿನ ಅಂಚು ಬಿಟ್ಟು, ಎರಡೂ ಕೈಯಲ್ಲಿ ಫೋನ್ ಬಾಚಿ ಕಿವಿಗೆ ಅಮುಕಿದೆ. “ಹಲೋ! ಸಾ...” ಕಟ್!

ಕೆಳಗೆ ಬೀದಿಯಲ್ಲಿ ಜನ ಸೇರಿಬಿಟ್ಟಿದ್ದರು. ಹೆಗಲ ಮೇಲೆ ಟವೆಲು ಹಾಕಿಕೊಂಡ ನರಸಿಂಹಯ್ಯ, ನಮ್ಮ ಬೀದಿಯ ಹಿರಿಯರು, ಗದ್ಗದ ಕಂಠದಲ್ಲಿ ಕೇಳಿದರು: “ಎಷ್ಟೊತ್ತಿಗಾಯ್ತಪ್ಪಾ ಯೋಗಾನಂದ? ಅಮ್ಮ ನಿನ್ನೆ ಚೆನ್ನಾಗೇ ಇದ್ರಲ್ಲ!”

ಅಮ್ಮ ಕಾಗೆ ಕೋಲು ಹಿಡಿದು ಎದ್ದು ನಿಂತು ಕೆಳಗೆ ಬಗ್ಗಿದರು. “ಯಾರೋ ಅದು ನನ್ನ ಕಳಿಸ್ತಿರೋನು? ಸಂಡಿಗೆ ಒಣಗೋವರೆಗೂ ನಾನೆಲ್ಲೂ ಹೋಗಲ್ಲ ಕಣೋ!”

ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅನಿತಳೂ ಇರಲಿಲ್ಲ. “ಹತ್ತೂ ಇಪ್ಪತ್ತೈದು ಆಯ್ತು. ಮೂರು ಸಲ ಮಾಡಿದ್ರು, ಇನ್ನು ಮಾಡಲ್ಲ ಬಿಡಿ. ಮಾವಿನಕಾಯೇ ನೇಯೋಣ” ಎಂದಳು. ಕಣ್ಣು ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಹಿಟ್ಟು ಮೆತ್ತಿಕೊಂಡಳು. ಆರು ತಿಂಗಳ ಅವಳ ಕೆಲಸವನ್ನು ನನ್ನ ಜಂಬ ಒಂದು ಗಂಟೆಯಲ್ಲಿ ಮುಗಿಸಿತ್ತು.

“ಲೇ ಯೋಗಾ,” ಎಂದರು ಅಮ್ಮ, “ಮಗ್ಗ ನಿಲ್ಸಿ ಎಷ್ಟೊತ್ತಾಯ್ತು? ಇನ್ನೂ ಯಾಕೋ ಅದನ್ನ ಹಂಗೆ ಅಮುಕ್ಕೊಂಡಿದ್ದೀಯ? ಎರಡು ಬೆರಳಲ್ಲಿ ಹಿಡಿದಾಗ ಬಾಯಿ ಬಿಡ್ತು, ನೀನು ಹಿಸುಕಿದ್ದೇ ಸತ್ತೋಯ್ತು. ಅದಕ್ಕೂ ಉಸಿರು ಬೇಡವೇನೋ? ಕೊಡು ಇಲ್ಲಿ!”

ನಾನು ಬಗ್ಗಿ ಕೊಟ್ಟೆ. ಅಮ್ಮ ಅದರ ಮೂಲೆ ಹಿಡಿದು, ಬೋರಲು ಹಾಕಿದ ಬಿದಿರು ಬುಟ್ಟಿಯ ಮೇಲಿಟ್ಟರು. ಒಂದು ಕಡ್ಡಿ ಬಂತು. ಎರಡು. ಮೂರು. ಬೀದಿಗೆ ಬೀದಿಯೇ ಉಸಿರು ಬಿಗಿಹಿಡಿದು ನಿಂತಿತ್ತು.

ಫೋನು ಹೊಡೆದುಕೊಂಡಿತು! ಅನಿತ ಕಿರುಬೆರಳನ್ನು ಸೆರಗಿಗೆ ಒರೆಸಿ, ಸ್ಪೀಕರ್ ಒತ್ತಿ, ಕೈ ಹಿಂದಕ್ಕೆ ಕಟ್ಟಿಕೊಂಡಳು.

“ಹಲೋ, ಅನಿತ ಮಾತಾಡ್ತಿರೋದು ಸರ್.”

“ಅಬ್ಬಾ, ಕೊನೆಗೂ ಮನುಷ್ಯರ ದನಿ ಕೇಳ್ತು! ಬೆಳಿಗ್ಗೆಯಿಂದ ಯಾರೋ ಬಾವಿ ಒಳಗಿಂದ ಕೂಗ್ತಿದ್ರಮ್ಮ!”

“ಅದು ನಮ್ಮೆಜಮಾನ್ರು ಸರ್. ಬಾವಿ ಅಲ್ಲ, ಟ್ಯಾಂಕು.”

“ಇರಲಿ ಬಿಡಮ್ಮ. ಈ ತೆನೆ ಬಾರ್ಡರ್ ಯಾರು ಬರೆದಿದ್ದು?”

“ನಾನೇ ಸರ್.”

“ಸೆರಗಿಗೂ ಇದೇ ತೆನೆ ದೊಡ್ಡದಾಗಿ ಬರೋ ಹಾಗೆ ಮಾಡೋಕಾಗುತ್ತಾ?”

ನನ್ನನ್ನು ಕೇಳಿದ್ದರೆ “ಆಗಲ್ಲ ಸಾರ್” ಎಂದುಬಿಡುತ್ತಿದ್ದೆ. ಅನಿತ ಮಾತ್ರ ಎಷ್ಟು ಎಳೆ ಬಿಡಬೇಕು, ತೆನೆ ಎಲ್ಲಿ ಬಾಗಬೇಕು, ಕಾಳಿಗೆ ಯಾವ ಬಣ್ಣ ಎಂದು ಎರಡೇ ನಿಮಿಷದಲ್ಲಿ ಬಿಡಿಸಿ ಹೇಳಿದಳು. ಸೆರಗಿನ ಹಾಳೆಯನ್ನೂ ಅವಳು ಆಗಲೇ ಬರೆದಿಟ್ಟಿದ್ದಳಂತೆ! ನನಗೇ ಗೊತ್ತಿರಲಿಲ್ಲ.

“ಸರಿ ಹಾಗಾದ್ರೆ, ಐವತ್ತು ಸೀರೆ ಶುರು ಮಾಡಮ್ಮ. ಗಂಟೆ ಹತ್ತೂ ಇಪ್ಪತ್ತೊಂಬತ್ತು. ಶುಭವಾಗಲಿ!”

ಅನಿತ ಹಿಟ್ಟಿನ ಕೈಯಲ್ಲೇ ಅಮ್ಮನನ್ನು ತಬ್ಬಿಕೊಂಡಳು. ಕೆಳಗೆ ಸಾವಿಗೆ ಬಂದ ಜನ ಚಪ್ಪಾಳೆ ಹೊಡೆದರು. ಕೊಂಡಪ್ಪ ಓಡಿಹೋಗಿ ಮಗ್ಗ ಹಾಕಿದ. ಒಂದೊಂದೇ ಮನೆಯಿಂದ ಟಕಟಕ ಸದ್ದು ಎದ್ದು ಬೀದಿ ತುಂಬಿತು. ಅಷ್ಟು ಚೆಂದದ ಸದ್ದು ನಾನು ಯಾವತ್ತೂ ಕೇಳಿರಲಿಲ್ಲ.

ಕಾಲು ಇನ್ನೂ ಟ್ಯಾಂಕಿನೊಳಗೇ ಇತ್ತು. ಆದರೂ ಮಾನ ಉಳಿಸಿಕೊಳ್ಳಬೇಕಲ್ಲ! “ನೋಡಿದ್ಯಾ ಅನಿತ? ಶುಭ ಮುಹೂರ್ತದಲ್ಲೇ ಕೆಲಸ ಆಯ್ತು. ರಾಹುಕಾಲಕ್ಕೆ ಇನ್ನೂ ಒಂದು ನಿಮಿಷ ಬಾಕಿ ಇದೆ. ಕೊಡು ಫೋನು, ನಾನೊಂದು ಥ್ಯಾಂಕ್ಸ್ ಹೇಳ್ತೀನಿ” ಎಂದು ಎರಡೂ ಕೈ ಚಾಚಿದೆ.

ಕಾಗೆ ಕೋಲು ನನ್ನ ಕೈ ಮೇಲೆ ಫಟ್ ಎಂದು ಬಿತ್ತು.

“ಅನಿತಾ,” ಎಂದರು ಅಮ್ಮ, “ಇನ್ಮೇಲೆ ಈ ಮನೇಲಿ ಪಂಚಾಂಗ ನೋಡೋ ಕೆಲಸ ಇಲ್ಲ ಕಣಮ್ಮ. ಇವನು ಫೋನ್ ಹಿಡಿದ್ರೆ ರಾಹುಕಾಲ ಶುರು, ಬಿಟ್ರೆ ಮುಗೀತು!”