ಗಾಡಿ ನೋಡುವ ಟೀಚರು

ಪ್ರತಿಯೊಬ್ಬರಿಗೂ ಒಂದಲ್ಲ ಒಂದು ವಿಷಯದಲ್ಲಿ ಜಂಬ ಇದ್ದೇ ಇರುತ್ತದೆ. ಕೆಲವರಿಗೆ ಕೈರುಚಿಯ ಬಗ್ಗೆ, ಕೆಲವರಿಗೆ ಮಕ್ಕಳು ತೆಗೆದ ಅಂಕಗಳ ಬಗ್ಗೆ, ನಮ್ಮ ಹೆಡ್‌ಮಾಸ್ತರರಿಗೆ ತಮ್ಮ ಸಹಿಯ ಬಗ್ಗೆ. ನನ್ನ ಜಂಬ ಮಾತ್ರ ಸ್ವಲ್ಪ ವಿಚಿತ್ರದ್ದು. ಹಳೆಯ ಮೋಟರ್‌ಸೈಕಲ್ ಕಣ್ಣಿಗೆ ಬಿದ್ದರೆ ಸಾಕು, ಅದರ ಹಿಂದಿನ ಜನ್ಮ, ಮುಂದಿನ ಜನ್ಮ ಎರಡನ್ನೂ ಹೇಳಬಲ್ಲೆ ಎಂದು ನಂಬಿದ್ದೇನೆ. ಗಬ್ಬೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳುವ, ನಲವತ್ತೆಂಟು ದಾಟಿದ, ಸೀರೆ ಉಡುವ ಹೆಂಗಸಿಗೆ ಇದೆಂಥ ವಿದ್ಯೆ ಎಂದು ನೀವು ಕೇಳಬಹುದು. ನನ್ನ ಗಂಡನೂ ಕೇಳುತ್ತಾರೆ. ಅವರಿಗೆ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಕೆಲಸ. ಆಳೆತ್ತರದ ಯಂತ್ರಗಳ ನಡುವೆ ಹಗಲಿಡೀ ನಿರಾತಂಕವಾಗಿ ಓಡಾಡುವ ಆ ಮನುಷ್ಯ ನನ್ನ ಗಾಡಿಯ ಹಿಂದೆ ಕುಳಿತರೆ ಮಾತ್ರ ಕಣ್ಣು ಮುಚ್ಚಿಕೊಂಡುಬಿಡುತ್ತಾರೆ.

ಈ ವಿದ್ಯೆ ಬಂದದ್ದು ಬಸ್ಸಿನ ಕೃಪೆಯಿಂದ. ರಾಯಚೂರಿನ ಮನೆಯಿಂದ ಗಬ್ಬೂರಿಗೆ ದಿನಾ ಬಸ್ಸಿನಲ್ಲಿ ಓಡಾಡಿ, ಒಂಟಿಕಾಲಲ್ಲಿ ನಿಂತು ನಿಂತು ಬೇಸತ್ತು, ಒಂದು ದಿನ ಯಾರನ್ನೂ ಕೇಳದೆ ಹಳೆಯ ಮೋಟರ್‌ಸೈಕಲ್ ಕೊಂಡೆ. ಮಾರಿದವನು ಅದಕ್ಕೆ ಚೆನ್ನಾಗಿ ಬಣ್ಣ ಹೊಡೆಸಿದ್ದ. ಬಣ್ಣದ ಒಳಗೆ ಗಾಡಿ ಅಷ್ಟಾಗಿ ಇರಲಿಲ್ಲ. ವಾರಕ್ಕೆ ಎರಡು ಸಲವಾದರೂ ಅದನ್ನು ತಳ್ಳಿಕೊಂಡೇ ಶಾಲೆ ಮುಟ್ಟುತ್ತಿದ್ದೆ. ಆ ಸಿಟ್ಟಿಗೆ ಎರಡು ವರ್ಷ ಭಾನುವಾರ ಭಾನುವಾರ ಮೆಕ್ಯಾನಿಕ್ ಒಬ್ಬರ ಅಂಗಡಿಯಲ್ಲಿ ಕುಳಿತು ಕಲಿತೆ. ಆಮೇಲೆ ನಮ್ಮ ಡ್ರಾಯಿಂಗ್ ಮಾಸ್ತರರಿಗೆ, ಜವಾನನಿಗೆ, ಅವನ ಭಾವಮೈದುನನಿಗೆ, ಹೀಗೆ ಹನ್ನೊಂದು ಗಾಡಿ ಹುಡುಕಿಕೊಟ್ಟೆ. ಹನ್ನೊಂದೂ ಇವತ್ತಿಗೂ ಓಡುತ್ತಿವೆ. ಹಿಂದಿನಿಂದ ಜನ ನನ್ನನ್ನು ‘ಗಾಡಿ ಟೀಚರು’ ಅನ್ನುತ್ತಾರೆಂದು ಗೊತ್ತು. ಮುಂದಿನಿಂದಲೇ ಅನ್ನಬಾರದೇ ಎಂದು ನನ್ನ ಆಸೆ.

ಹನ್ನೆರಡನೆಯ ಗಾಡಿ ಬೇಕಾದದ್ದು ನಮ್ಮ ನಾದಿನಿ ರೇಣುಕಾಗೆ. ದೇವದುರ್ಗದ ಕಡೆಯ ಹಳ್ಳಿಯಲ್ಲಿ ಅವಳ ಮನೆ. ಗಂಡ ಕುರಿ ಹಿಂಡಿನ ಸಂಗಡ ವರ್ಷದಲ್ಲಿ ಆರು ತಿಂಗಳು ಊರ ಹೊರಗೇ ಇರುತ್ತಾನೆ. ಇವಳಿಗೆ ಸುತ್ತಲಿನ ಎಂಟು ಹಳ್ಳಿಗಳಲ್ಲಿ ಕುರಿ, ಮೇಕೆಗಳಿಗೆ ಲಸಿಕೆ ಹಾಕಿಸುವ, ಔಷಧಿ ಕೊಡುವ ಕೆಲಸ ಸಿಕ್ಕಿತ್ತು. ಲಸಿಕೆಯ ಐಸ್ ಡಬ್ಬಿ ಹೊತ್ತು ಬಸ್ಸಿಗೆ ಕಾಯ್ದರೆ ಐಸ್ ಕರಗುತ್ತದೆ. ಸೋಮವಾರದೊಳಗೆ ಗಾಡಿ ಮಾಡಿಕೊಂಡರೆ ಸರಿ, ಇಲ್ಲದಿದ್ದರೆ ಪಟ್ಟಿಯಲ್ಲಿ ಮುಂದಿನವರನ್ನು ಕರೆಯುತ್ತೇವೆ ಎಂದು ಮೇಲಿನವರು ಹೇಳಿದ್ದರು. ನಮ್ಮ ಶಾಲೆಯ ಮೈದಾನದಲ್ಲಿ ಅವಳಿಗೆ ಗಾಡಿ ಕಲಿಸಿದವಳು ನಾನೇ. ಮುಂದಿನದನ್ನೂ ನನಗೆ ಬಿಡು ಎಂದು ಆಶ್ವಾಸನೆ ಕೊಟ್ಟೆ. ಅವಳ ಹತ್ತಿರ ಇದ್ದದ್ದು ಇಪ್ಪತ್ತೆರಡು ಸಾವಿರ.

ಶುಕ್ರವಾರ ರಾಯಚೂರಿನಲ್ಲೇ ಒಂದು ನೋಡಿದೆವು. ಮೊಬೈಲಿನ ಜಾಹೀರಾತಿನಲ್ಲಿ ಮದುವೆ ಗಂಡಿನಂತೆ ನಿಂತಿತ್ತು. ಫೋಟೋ ಎಡಗಡೆಯಿಂದ ತೆಗೆದದ್ದು ಯಾಕೆಂದು ಬಲಗಡೆ ನೋಡಿದಾಗ ತಿಳಿಯಿತು. ಆ ಕಡೆ ಅದು ಎಂದೋ ಲಾರಿಗೆ ಉಜ್ಜಿಕೊಂಡಿತ್ತು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ದೇವದುರ್ಗಕ್ಕೆ ಹೋದೆವು. ಗಾಡಿ ಫಳಫಳ ಹೊಳೆಯುತ್ತಿತ್ತು. ಮಾರುವವನು ಒಂದೇ ಒದೆತಕ್ಕೆ ಚಾಲು ಮಾಡಿ ತೋರಿಸಲು ಕಾಲು ಎತ್ತಿದ. ತಡೆಯಿರಿ ಎಂದು ನಾನು ಇಂಜಿನ್ನಿನ ಹತ್ತಿರ ಕೈ ಹಿಡಿದೆ. ದೋಸೆ ಹಾಕಬಹುದಾದಷ್ಟು ಕಾದಿತ್ತು. ತಣ್ಣಗಿದ್ದಾಗ ಚಾಲು ಆಗದ ಗಾಡಿಯನ್ನು, ನಾವು ಬರುವ ಮೊದಲೇ ಹೇಗೋ ತಳ್ಳಿ ಚಾಲು ಮಾಡಿ, ಬಿಸಿ ಮಾಡಿ ಇಟ್ಟಿದ್ದ. ನಾನು ಇದನ್ನು ಮೆತ್ತಗೆ ಹೇಳಿದಾಗ ಅವನು, “ನೀವು ಟೀಚರ್ ಆಗಬಾರದಿತ್ರಿ” ಎಂದ. ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡು ದಾರಿಯುದ್ದಕ್ಕೂ ರೇಣುಕಾಗೆ ನಾಲ್ಕು ಸಲ ಹೇಳಿದೆ.

ಭಾನುವಾರ ಮಾನ್ವಿಗೆ ಹೋದೆವು. ಅಲ್ಲಿ ತೋರಿಸಿದ ಎರಡೂ ಗಾಡಿಗಳು ನಮ್ಮ ದುಡ್ಡಿಗೆ ಎಟುಕಲಿಲ್ಲ. ನಮ್ಮ ಮುಖ ನೋಡಿದ ಅಲ್ಲಿನ ಮೆಕ್ಯಾನಿಕ್, ಹಿರೇಕೊಟ್ನೆಕಲ್‌ನಲ್ಲಿ ಅಮರಪ್ಪ ಎಂಬ ಮುದುಕನ ಹತ್ತಿರ ಒಂದು ಗಾಡಿ ಇದೆ, ಆತ ಕೊಡುವವನಲ್ಲ, ಆದರೆ ಆತನ ಹೆಂಡತಿ ಕೊಟ್ಟಾಳು ಎಂದ. ಹೋದೆವು. ದನದ ಕೊಟ್ಟಿಗೆಯ ಪಕ್ಕದಲ್ಲಿ ಕಂಬಳಿ ಹೊದ್ದು ಮಲಗಿದಂತೆ ಗಾಡಿ ನಿಂತಿತ್ತು. ಅಮರಪ್ಪ ತಾತ ಕಂಬಳಿ ಸರಿಸಿದ. ಹದಿನೆಂಟು ವರ್ಷದ್ದು, ಒಬ್ಬರ ಕೈಯಲ್ಲೇ ಇದ್ದದ್ದು. ಹಿಂದಿನ ಸೀಟಿನ ಜಾಗದಲ್ಲಿ ಕುರಿಮರಿಗಳನ್ನು ಸಂತೆಗೆ ಒಯ್ಯಲು ಕಬ್ಬಿಣದ ಚೌಕಟ್ಟೊಂದನ್ನು ವೆಲ್ಡಿಂಗ್ ಮಾಡಿಸಿದ್ದರು.

ನಾನು ಸೆರಗು ಸಿಕ್ಕಿಸಿಕೊಂಡು ಪರೀಕ್ಷೆಗೆ ನಿಂತೆ. ಮೀಟರಿನ ಮುಳ್ಳು ಸತ್ತು ಎಷ್ಟು ವರ್ಷವಾಗಿತ್ತೋ. ಟ್ಯಾಂಕಿಗೆ ತಗ್ಗು, ಹಾರನ್ನಿಗೆ ಗಂಟಲು ನೋವು. ಕೊನೆಗೆ ಹಿಂದಿನ ಚೌಕಟ್ಟು. ಇದನ್ನು ಕೊಯ್ಯಿಸಿ ತೆಗೆಯಲೇ ಖರ್ಚಾಗುತ್ತದೆ, ಇದು ಬೇಡ ಎಂದು ರೇಣುಕಾಗೆ ಕಣ್ಣುಸನ್ನೆ ಮಾಡಿದೆ. ಅವಳು ನನ್ನ ಕಣ್ಣು ನೋಡುತ್ತಿರಲಿಲ್ಲ. ಗೇಣು ಹಾಕಿ ಆ ಚೌಕಟ್ಟನ್ನು ಅಳೆಯುತ್ತಿದ್ದಳು.

“ಅತ್ತಿಗೀ, ಐಸ್ ಡಬ್ಬಿ ಇದರಾಗ ಸರಿಯಾಗಿ ಕೂಡ್ತದ” ಎಂದಳು.

ಆ ಮಾತು ನನಗೆ ಹೊಳೆದಿರಲಿಲ್ಲ. ಹೊಳೆದಿರಲಿಲ್ಲ ಎಂದು ತೋರಿಸಿಕೊಳ್ಳಲೂ ಮನಸ್ಸಾಗಲಿಲ್ಲ. ಮೊದಲು ಚಾಲು ಆಗುತ್ತದೋ ನೋಡೋಣ ಎಂದು, ತಾತನ ಹೆಂಡತಿ ಒಳಗಿನಿಂದ ತಂದುಕೊಟ್ಟ ಕೀಲಿ ಹಾಕಿ ಕಿಕ್ಕರ್ ಮೇಲೆ ಕಾಲಿಟ್ಟೆ. ಒದ್ದೆ. ಮತ್ತೆ ಒದ್ದೆ. ಒಂಬತ್ತು ಸಲ ಒದ್ದ ಮೇಲೆ ಸೀರೆಯ ನೆರಿಗೆ ನನ್ನ ಕೈಗೆ ಬಂತು, ಗಾಡಿ ಕೆಮ್ಮಲೂ ಇಲ್ಲ. ತಾತ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದ. ಹನ್ನೊಂದು ಗಾಡಿ ಹುಡುಕಿದ ನನಗೆ ಅವನನ್ನು ಕೇಳಬೇಕೆಂದು ಅನ್ನಿಸಲಿಲ್ಲ. ಇದು ಸತ್ತ ಇಂಜಿನ್ ಎಂದು ತೀರ್ಪು ಕೊಟ್ಟು ಪಕ್ಕಕ್ಕೆ ಸರಿದೆ.

ರೇಣುಕಾ ತಾತನ ಹತ್ತಿರ ಹೋಗಿ, “ತಾತಾ, ನೀ ಹೆಂಗ ಚಾಲು ಮಾಡ್ತಿದ್ದಿ?” ಎಂದು ಕೇಳಿದಳು.

ಅದುವರೆಗೆ ಬಾಯಿ ಬಿಡದಿದ್ದ ತಾತ ಎದ್ದು ಬಂದ. “ಮೊದ್ಲು ಕೀ ಹಾಕದಂಗ ಎರಡು ಸಲ ಮೆಲ್ಲಕ ತುಳಿಬೇಕವ್ವಾ. ಆಮ್ಯಾಲ ಕೀ ಹಾಕಿ ಒಂದ ಸಲ. ಅದಕ್ಕ ಒಮ್ಮಿಗೇ ಜೋರು ಮಾಡಿದ್ರ ಸೇರಂಗಿಲ್ಲ” ಎಂದ.

ಅವಳು ಹಾಗೆಯೇ ಮಾಡಿದಳು. ಮೂರನೆಯ ತುಳಿತಕ್ಕೆ ಗಾಡಿ ಎದ್ದಿತು. ಏನು ಸದ್ದು ಅಂತೀರಿ! ಒಂದು ಪೆಟ್ಟು ತಪ್ಪದ, ಗಡಿಯಾರದಂಥ ಸದ್ದು. ನನ್ನ ಕಿವಿ ಸುಳ್ಳು ಹೇಳುವುದಿಲ್ಲ. ನನ್ನ ಬಾಯಿ ಮಾತ್ರ ಐದು ನಿಮಿಷದ ಹಿಂದೆ ಹೇಳಿತ್ತು.

ಆದರೂ ತಾತ ಕೊಡಲು ಒಪ್ಪಲಿಲ್ಲ. ಮೊದಲು ತನ್ನನ್ನು ಹಿಂದೆ ಕೂಡಿಸಿಕೊಂಡು ಒಂದು ಸುತ್ತು ಹಾಕಬೇಕು, ಆಮೇಲೆ ಮಾತು ಎಂದ. ಚೌಕಟ್ಟಿನೊಳಗೆ ಮಡಚಿದ ಗೋಣಿಚೀಲ ಹಾಸಿ ಅವನನ್ನು ಕೂಡಿಸಿಕೊಂಡು ರೇಣುಕಾ ಹೊರಟಳು. ಕಾಲುವೆಯವರೆಗೆ ಹೋಗಿ ಬರುತ್ತೇವೆ ಎಂದವರು ಅರ್ಧ ಗಂಟೆಯಾದರೂ ಬರಲಿಲ್ಲ. ಆತನ ಹೆಂಡತಿ ಬಸ್ಸಮ್ಮ ನನಗೆ ಚಹಾ ಕೊಟ್ಟು ಕಥೆ ಹೇಳಿದಳು. ತಾತನ ಕಣ್ಣು ಮಂಜಾಗಿ ಎರಡು ವರ್ಷವಾಗಿದೆ. ಎದುರಿಗೆ ಬರುವುದು ಎಮ್ಮೆಯೋ ಟ್ರ್ಯಾಕ್ಟರೋ ತಿಳಿಯುವುದಿಲ್ಲ. ಆದರೂ ಗಾಡಿ ಹತ್ತುತ್ತಾನೆಂದು ಕೀಲಿಯನ್ನು ಜೋಳದ ಚೀಲದಲ್ಲಿ ಬಚ್ಚಿಟ್ಟಿದ್ದಳಂತೆ. ವಾರಕ್ಕೊಮ್ಮೆ ತನ್ನೆದುರಿಗೆ ಚಾಲು ಮಾಡಿ, ಸದ್ದು ಕೇಳಿ, ಆರಿಸಲು ಮಾತ್ರ ಕೊಡುತ್ತಿದ್ದಳಂತೆ.

ಮುಕ್ಕಾಲು ಗಂಟೆಗೆ ಅವರು ಬಂದರು. ಕಾಲುವೆಗೆ ಹೋಗಿದ್ದು ಐದೇ ನಿಮಿಷವಂತೆ. ಉಳಿದ ಹೊತ್ತು ತಾತ ಊರ ನಡುಬೀದಿಯಲ್ಲಿ ಅವಳನ್ನು ಮೂರು ಸಲ ತಿರುಗಿಸಿದ್ದ. ಚಹಾದ ಅಂಗಡಿಯ ಮುಂದೆ ಪ್ರತಿ ಸಲವೂ ನಿಲ್ಲಿಸಿ, ಈ ಹುಡುಗಿ ಕುರಿ ಡಾಕ್ಟರು, ನನ್ನ ಗಾಡಿ ಇನ್ನು ಸರ್ಕಾರಿ ಕೆಲಸಕ್ಕೆ ಹೊಂಟದ ಎಂದು ಸಾರಿದ್ದ. ರೇಣುಕಾ ತಾನು ಡಾಕ್ಟರಲ್ಲ ಎಂದು ಮೂರು ಸಲವೂ ಹೇಳಿದಳಂತೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲವಂತೆ.

ನಾನು ಚೌಕಾಸಿಗೆ ಸಿದ್ಧಳಾದೆ. ಮೀಟರು, ಟ್ಯಾಂಕು, ಹಾರನ್ನು, ಎಲ್ಲವನ್ನೂ ನಾಲಿಗೆಯ ತುದಿಯಲ್ಲಿ ಜೋಡಿಸಿಕೊಂಡಿದ್ದೆ. ತಾತ, ರೊಕ್ಕದ ಮಾತು ನನಗೆ ಗೊತ್ತಿಲ್ಲ ಎಂದು ಒಳಗೆ ಹೋದ. ಬಸ್ಸಮ್ಮ ರೇಣುಕಾಳ ಕಡೆ ತಿರುಗಿ, “ನಿನ್ನ ಕಡಿ ಎಷ್ಟದ?” ಎಂದಳು. ಇವಳು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟಳು. “ಎರಡು ಸಾವಿರ ಪೆಟ್ರೋಲಿಗೆ ಇಟ್ಟುಕೊಂಡು ಉಳಿದದ್ದು ಕೊಡು. ಆತ ಮನಸು ಬದಲು ಮಾಡೋದ್ರೊಳಗ ಒಯ್ದುಬಿಡು” ಎಂದು ಬಸ್ಸಮ್ಮ ಕಾಗದಪತ್ರ ತಂದಿಟ್ಟಳು. ಎಲ್ಲ ಸರಿಯಾಗಿದ್ದವು. ನಾನು ಅಷ್ಟು ಶ್ರಮಪಟ್ಟು ಜೋಡಿಸಿದ ದೋಷಗಳನ್ನು ಯಾರೂ ಕೇಳಲಿಲ್ಲ.

ಊರಿಗೆ ಮರಳುವಾಗ ರೇಣುಕಾ ಮುಂದೆ, ನನ್ನ ಗಾಡಿಯಲ್ಲಿ ನಾನು ಹಿಂದೆ. ನೆಟ್ಟಗೆ ಕುಳಿತು, ತಿರುವಿನಲ್ಲಿ ಅವಸರಪಡದೆ, ಹತ್ತಿ ತುಂಬಿದ ಲಾರಿಗೆ ದಾರಿ ಬಿಟ್ಟು ಅವಳು ಹೋಗುತ್ತಿದ್ದುದನ್ನು ನೋಡಿ ನನ್ನ ಎದೆ ಉಬ್ಬಿತು. ಸೋಮವಾರ ಅವಳು ಕೆಲಸಕ್ಕೆ ಸೇರಿದಳು. ಈಗ ಎಂಟೂ ಹಳ್ಳಿಗಳಲ್ಲಿ ಗಾಡಿಯ ಸದ್ದು ಕೇಳಿದರೆ ಜನ ಕುರಿ ಹಿಡಿದು ನಿಲ್ಲುತ್ತಾರೆ. ನಮ್ಮ ಸ್ಟಾಫ್‌ರೂಮಿನಲ್ಲಿ ಇದನ್ನು ಹನ್ನೆರಡನೆಯ ಗಾಡಿ ಎಂದು ನನ್ನ ಲೆಕ್ಕಕ್ಕೇ ಸೇರಿಸಿ ಹೇಳುತ್ತೇನೆ. ಒಂಬತ್ತು ಒದೆತದ ಭಾಗ ಹೇಳುವಷ್ಟರಲ್ಲಿ ಯಾಕೋ ಯಾವಾಗಲೂ ಗಂಟೆ ಹೊಡೆದುಬಿಡುತ್ತದೆ.

ಕಳೆದ ವಾರ ರೇಣುಕಾ ಫೋನ್ ಮಾಡಿದ್ದಳು. “ಅತ್ತಿಗೀ, ನಿಮ್ಮ ಗಾಡಿ ಹೊಗಿ ಬಿಡಾಕತ್ತದ. ಅದನ್ನ ಕೊಟ್ಟುಬಿಡ್ರಿ, ನಿಮಗ ಒಂದು ಚೊಲೋದು ನೋಡಿಟ್ಟೀನಿ” ಎಂದಳು. ಗಾಡಿಯ ವಿಷಯದಲ್ಲಿ ನನಗೆ ಬೇರೆಯವರು ಹೇಳುವುದೇ ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದೆ. ಮೂರನೆಯ ದಿನ ನನ್ನ ಗಾಡಿ ಶಾಲೆಯ ಗೇಟಿನಲ್ಲೇ ನಿಂತುಬಿಟ್ಟಿತು. ಅವಳೇ ಬಂದು, ಐಸ್ ಡಬ್ಬಿ ಇಳಿಸಿ, ಕುರಿಮರಿಗಳ ಆ ಚೌಕಟ್ಟಿನಲ್ಲಿ ನನ್ನನ್ನು ಕೂಡಿಸಿಕೊಂಡು ಗಾಡಿ ನೋಡಲು ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ನಾನು ಹಿಂದಿನಿಂದ ಸಲಹೆ ಕೊಡುತ್ತಲೇ ಇದ್ದೆ. ಹೆಲ್ಮೆಟ್ಟಿನೊಳಗೆ ಒಂದೂ ಕೇಳಿಸಲಿಲ್ಲ ಎಂದು ಅವಳು ಹೇಳುತ್ತಾಳೆ.