ನಮ್ಮ ಬಾವಿಯ ಕಬ್ಬಿಣದ ಬ್ಯಾಕ್ಟೀರಿಯಾಗಳೇ, ಭಾನುವಾರ ಸಾಕ್ಷಿ ಹೇಳಲು ಬನ್ನಿ

ಮಾಜಿವಾಡಾದ ನಮ್ಮ ಚಾಳೆಂಬ ವಠಾರದ ಬಾವಿಯಲ್ಲಿ ಸುಖವಾಸದಲ್ಲಿರುವ ಕಬ್ಬಿಣದ ಬ್ಯಾಕ್ಟೀರಿಯಾ ಸಮಸ್ತರ ಸನ್ನಿಧಿಗೆ,

ಮಾನ್ಯರೇ,

ಹನ್ನೆರಡು ಮನೆಗಳ ಪರವಾಗಿ ನಮಸ್ಕಾರಗಳು. ಮುಂಬಯಿ ಪಕ್ಕದ ಈ ಠಾಣೆ ಊರಿನಲ್ಲಿ ಒಂದು ಖೋಲಿ, ಅಂದರೆ ಒಂದು ಕೋಣೆ, ಬಾಡಿಗೆಗೆ ಹಿಡಿಯಬೇಕಾದರೆ ಕರಾರುಪತ್ರ, ಪೊಲೀಸ್ ಪರಿಶೀಲನೆ, ಎರಡು ಫೋಟೊ ಬೇಕು. ತಾವಾದರೋ ಇದಾವುದೂ ಇಲ್ಲದೆ ಕೋಟಿ ಸಂಖ್ಯೆಯಲ್ಲಿ ಸಂಸಾರ ಹೂಡಿ, ನೀರಿನಲ್ಲಿರುವ ಕಬ್ಬಿಣದಲ್ಲೇ ಹೊಟ್ಟೆ ಹೊರೆದು, ಯಾರೊಂದಿಗೂ ಜಗಳವಾಡದೆ ಬಾಳುತ್ತಿರುವುದು ನಮ್ಮ ಚಾಳಿಗೇ ಮಾದರಿ.

ತಮ್ಮ ಕಲಾಸೇವೆಯನ್ನೂ ಸ್ಮರಿಸಬೇಕು. ಫ್ಲಶ್ ಟ್ಯಾಂಕಿನ ಒಳಗೋಡೆಗೆ ಕಂದುಗೆಂಪು ಲೋಳೆ ಬಳಿದಿರಿ. ಹತ್ತು ದಿನ ಊರಿಗೆ ಹೋಗಿ ಬಂದು ನಲ್ಲಿ ತಿರುಗಿಸಿದರೆ ಹಳೆಯ ಕೆಸರಿನ ವಾಸನೆಯಿಂದ ಸ್ವಾಗತ ಕೋರಿದಿರಿ. ನನ್ನ ಬಿಳಿ ಪಂಚೆಗೆ ಕಾವಿ ಕೊಟ್ಟಿರಿ. "ನಿಮ್ಮ ಪಂಚೆ ನಿಮಗಿಂತ ಮೊದಲೇ ಸನ್ಯಾಸ ತಕೊಂಡಿತಲ್ಲ ಮಾರಾಯ್ರೆ" ಎಂದು ಬಾಗಿ ಎಂಬ ನನ್ನ ಹೆಂಡತಿ ನಗುತ್ತಲೇ ಇದ್ದಾಳೆ. ತಾವು ಸಾಮಾನ್ಯವಾಗಿ ರೋಗ ತರುವವರಲ್ಲವೆಂದು ತಿಳಿದು ಇಷ್ಟನ್ನೂ ಸಹಿಸಿದೆವು.

ಸಹಿಸಲಾಗದ್ದು ಒಂದೇ. ಬಾವಿಯ ನೀರಿನ ಮೇಲೆ ತಾವು ಕಾಮನಬಿಲ್ಲಿನ ಬಣ್ಣದ ಪೊರೆ ಹಾಸಿದಿರಿ. ಅದನ್ನು ಕಂಡು ನಾನು, ಬಾವಿಯ ಪಕ್ಕದಲ್ಲೇ ರಿಕ್ಷಾ ರಿಪೇರಿ ಮಾಡುವ ಕಲಬುರಗಿಯ ಶಿವರಾಯ ಎಂಜಿನ್ ಆಯಿಲ್ ಸುರಿದಿದ್ದಾನೆಂದು ಚಾಳಿನ ಕಮಿಟಿಗೆ ಮೂರು ಪುಟದ ದೂರು ಬರೆದೆ. ಈ ಭಾನುವಾರದ ಸಭೆಯಲ್ಲಿ ಅವನ ಗ್ಯಾರೇಜು ಎತ್ತಿಸುವ ತೀರ್ಮಾನವಾಗಲಿದೆ.

ನಿನ್ನೆ ಶಿವರಾಯ ನನ್ನನ್ನು ಬಾವಿಗೆ ಕರೆದೊಯ್ದು, ಒಂದು ಕೋಲಿನಿಂದ ಪೊರೆಯನ್ನು ಕೆದಕಿದ. ಅದು ಚೂರುಚೂರಾಯಿತು, ಚೂರುಗಳು ಮತ್ತೆ ಕೂಡಲಿಲ್ಲ. ಆಮೇಲೆ ಬಕೆಟ್ ನೀರಿಗೆ ಎರಡು ಹನಿ ಆಯಿಲ್ ಬಿಟ್ಟು ಕೆದಕಿದ. ಅದು ಸರಿದು ಮತ್ತೆ ಕೂಡಿಕೊಂಡಿತು. "ನೋಡ್ರಿ ಅಣ್ಣಾರ, ಬಾವ್ಯಾಗಿಂದು ಹಪ್ಪಳ ಮುರದಂಗ ಮುರೀತು. ನನ್ನ ಎಣ್ಣಿ ಗುರ್ತು ನನಗಿಲ್ಲೇನ್ರಿ?" ಎಂದ. ನೀರು ಪರೀಕ್ಷಿಸಿದ ಪ್ರಯೋಗಾಲಯದವರೂ ಕಬ್ಬಿಣದ ಬ್ಯಾಕ್ಟೀರಿಯಾ ಎಂದು ತಮ್ಮ ಹೆಸರನ್ನೇ ಹೇಳಿದರು.

ಆದ್ದರಿಂದ ತಾವು ಭಾನುವಾರ ಹತ್ತು ಗಂಟೆಗೆ ಸಕುಟುಂಬ ಸಪರಿವಾರರಾಗಿ ಸಭೆಗೆ ಬಂದು, ಪೊರೆ ತಮ್ಮದೇ ಎಂದು ಒಪ್ಪಿ, ನನ್ನ ದೂರಿನ ಮೂರೂ ಪುಟಗಳ ಮೇಲೆ ‘ಇದು ತಪ್ಪು’ ಎಂದು ಬರೆದು ಸಹಿ ಹಾಕಬೇಕಾಗಿ ವಿನಂತಿ. ಮರಾಠಿ ಬಾರದಿದ್ದರೆ ನಾನೇ ಅನುವಾದಿಸುತ್ತೇನೆ. ಇನ್ನು ಮುಂದೆ ಪೊರೆ ಹಾಸುವಾಗ ಮೂಲೆಯಲ್ಲಿ ತಮ್ಮ ಹೆಸರು ಬರೆಯುವ ಕೃಪೆಯಾಗಲಿ.

ತಮ್ಮ ವಿಶ್ವಾಸಿ, ಕಾವಿ ಪಂಚೆಯ
ಲೀಲಾಧರ
ಖೋಲಿ ಸಂಖ್ಯೆ ಏಳು

ತಾ.ಕ.: ಶನಿವಾರ ಬಾವಿಗೂ ಪೈಪುಗಳಿಗೂ ಕ್ಲೋರಿನ್ ಹಾಕಿಸುವುದರಿಂದ ಮರುದಿನ ತಮಗೆ ಬರಲು ತೊಂದರೆಯಾಗಬಹುದು. ತಮ್ಮ ಕೆಲವು ಪ್ರತಿನಿಧಿಗಳನ್ನು ಪೊರೆಯ ಸಮೇತ ಬಾಗಿಯ ಉಪ್ಪಿನಕಾಯಿ ಭರಣಿಯಲ್ಲಿ ತೆಗೆದಿರಿಸಿದ್ದೇನೆ. ಕಮಿಟಿಯವರೇ ಕೋಲಿನಿಂದ ಕೆದಕಿ ನೋಡಲಿ. ತಮ್ಮನ್ನು ಬಾವಿಗೆ ಬರಮಾಡಿಕೊಂಡವರಾರೆಂದು ಕೇಳಿದರೆ ತಾವು ಬಾಯಿ ಬಿಡುವುದು ಬೇಡ, ನಾನೇ ಹೇಳುತ್ತೇನೆ. ಮಳೆ ಶುರುವಾದ ವಾರ ಪಂಪಿನ ಪೈಪು ಮೇಲೆತ್ತಿ, ಕೆಸರಿನಲ್ಲಿ ಮಲಗಿಸಿ, ಹಾಗೆಯೇ ಒಳಗಿಳಿಸಿದವನು ನಾನು. "ತೊಳದು ಇಳಸ್ರಿ ಅಣ್ಣಾರ" ಎಂದು ಅಂದೇ ಹೇಳಿದವನು ಶಿವರಾಯ.