ನನ್ನ ತುಂಡು ಟೇಪಿನಲ್ಲಿ ತಾವು ಅಳೆದ ಹೊಟ್ಟೆಗಳು

ಶಾಲಾ ಮಕ್ಕಳ ಹೊಟ್ಟೆಯ ಬೊಜ್ಜು ತಪಾಸಣಾ ತಂಡದ ಘನವೆತ್ತ ಮುಖ್ಯಸ್ಥರೇ,

ಮಾನ್ಯರೇ, ಹಿರಿಯಡ್ಕದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಲವೀನಾ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಮಂಡಿನೋವಿನ ಕಾರಣ ಇದು ಬರಹದಲ್ಲಿ ಮಾತ್ರ.

ಮೂರು ವಾರಗಳ ಹಿಂದೆ ನಾನು ಸಮವಸ್ತ್ರದ ಅಳತೆಗೆಂದು ಶಾಲೆಗೆ ಹೋಗಿದ್ದಾಗ ತಮ್ಮ ತಂಡವು ಬ್ಯಾನರ್, ತೂಕದ ಯಂತ್ರ, ನೀರಿನ ಬಾಟಲಿ, ಫೋಟೊಗ್ರಾಫರ್ ಸಮೇತ ದಯಮಾಡಿಸಿತು. ಟೇಪ್ ಒಂದನ್ನು ಮಾತ್ರ ಮರೆತಿತ್ತು. ತಮ್ಮ ಚೈತಾಲಿ ಮೇಡಂ ನನ್ನದನ್ನು ಕೇಳಿದರು. "ಇದರ ಮೊದಲಿನ ಒಂದು ಇಂಚು ಹರಿದುಹೋಗಿದೆ ಮಾರಾಯ್ರೆ, ಒಂದು ಕಳೆದು ಬರೆಯಿರಿ" ಎಂದೆ. "ಆಯ್ತು ಆಂಟಿ" ಎಂದರು. ಕಳೆಯಲಿಲ್ಲ.

ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಹೆಚ್ಚಿದ್ದರೆ ಎಚ್ಚರ ಎಂಬ ತಮ್ಮ ಸರಳ ಲೆಕ್ಕ ನನಗೂ ಅರ್ಥವಾಗುವಂಥದ್ದು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಲವತ್ತೆರಡು ಮಕ್ಕಳಲ್ಲಿ ಇಪ್ಪತ್ತೊಂಬತ್ತು ಮಂದಿಗೆ ಅರ್ಧ ಗಂಟೆಯೊಳಗೆ ಬೊಜ್ಜು ದಯಪಾಲಿಸಿ, ಪ್ರತಿಯೊಬ್ಬರ ಅಳತೆಯನ್ನೂ ಸಭಾಂಗಣಕ್ಕೆಲ್ಲ ಕೇಳುವಂತೆ ಕೂಗಿ ಹೇಳಿದ ತಮ್ಮ ದಕ್ಷತೆಯನ್ನು ಹೊಗಳಲು ನನ್ನ ಕನ್ನಡ ಸಾಲದು.

ನನ್ನ ನೆರೆಯ ಚಂಪಾಳ ಮಗಳು ಯಶ್ಮಿತಾ ಐದನೆಯ ತರಗತಿ, ಎತ್ತರ ಐವತ್ತು ಇಂಚು. ತಾವು ಅವಳ ಸೊಂಟಕ್ಕೆ ಇಪ್ಪತ್ತೈದೂವರೆ ಎಂದು ಬರೆದಿರಿ. ಎಂಟು ದಿನ ಕಳೆದು ಲಂಗದ ಅಳತೆಗೆ ಬಂದವಳು ಹೊಟ್ಟೆ ಒಳಗೆ ಎಳೆದು, ಮುಖ ಕೆಂಪಗೆ ಮಾಡಿಕೊಂಡು, "ಆಂಟಿ, ಬೇಗ ಬರೆಯಿರಿ, ಉಸಿರು ಬಿಡುವ ಮೊದಲು ಬರೆಯಿರಿ" ಎಂದಳು. "ಬುತ್ತಿ ಹಾಗೆಯೇ ವಾಪಸ್ ತರುತ್ತಾಳೆ ಲವೀನಾ ಬಾಯಿ, ಎಂತ ಮಾಡುವುದು?" ಎಂದು ಚಂಪಾ ಅತ್ತಳು. ಅವಳ ಕೈಯಲ್ಲಿದ್ದ, ತಮ್ಮ ತಂಡ ಅಳತೆ ಬರೆದುಕೊಟ್ಟ ಚೀಟಿ ನೋಡಿದೆ. ನನ್ನ ಟೇಪಿನ ಹರಿದ ಇಂಚು ಆ ಮಗುವಿನ ಸೊಂಟದಲ್ಲಿ ಕುಳಿತಿತ್ತು. ತಮ್ಮವರ ಕೈಯಿಂದ ಆ ಟೇಪನ್ನು ಅಂದೇ ಕಸಿದುಕೊಳ್ಳದೆ ಇದ್ದದ್ದು ನನ್ನ ತಪ್ಪು. ಆ ದಿನ ನಾನೂ ಊಟ ಮಾಡಲಿಲ್ಲ.

ಹೊಸ ಟೇಪ್ ತಂದು, "ಉಸಿರು ಬಿಡು ಮಗಾ" ಎಂದು ಅಳೆದೆ. ಇಪ್ಪತ್ತನಾಲ್ಕೂವರೆ. ಅವಳು ಟೇಪನ್ನು ತಾನೇ ಎರಡು ಸಲ ಓದಿ, "ಹಾಗಾದರೆ ತಿನ್ನಬಹುದಾ?" ಎಂದು ಕೇಳಿದಳು. ನನ್ನ ಮೆಷಿನ್ ಮೇಲೆಯೇ ಕೂತು ಮೂರು ಗೋಳಿಬಜೆ ತಿಂದಳು. ಲಂಗದ ಬಟ್ಟೆಗೆ ಎಣ್ಣೆಯಾಯಿತು, ನಾನು ಬೈಯಲಿಲ್ಲ.

ಮರುದಿನ ಮುಖ್ಯೋಪಾಧ್ಯಾಯಿನಿಯವರ ಅನುಮತಿ ಪಡೆದು, ಪರದೆಯ ಹಿಂದೆ, ಇಪ್ಪತ್ತೊಂಬತ್ತು ಮಕ್ಕಳನ್ನೂ ಅಳೆದೆ. ಇಪ್ಪತ್ಮೂರು ಮಂದಿಯ ಬೊಜ್ಜು ನಿವಾರಣೆಯಾಯಿತು, ಔಷಧವಿಲ್ಲದೆ. ಉಳಿದ ಆರು ಮಂದಿಯ ಅಮ್ಮಂದಿರಿಗೆ ಕಿವಿಯಲ್ಲಿ ಹೇಳಿದೆ, ಡಾಕ್ಟರಲ್ಲಿಗೆ ಕಳಿಸಿದೆ.

ಆದುದರಿಂದ ತಾವು ಕೃಪೆಮಾಡಿ ಸೋಮವಾರದ ಪ್ರಾರ್ಥನೆಯ ಹೊತ್ತಿಗೆ ಬಂದು, ಮಕ್ಕಳೆದುರು ತಮ್ಮ ಘನ ಉದರವನ್ನು ಅಳೆಸಿಕೊಂಡು, ಸಂಖ್ಯೆಯನ್ನು ಮೈಕಿನಲ್ಲಿ ಓದಬೇಕು. ಆಮೇಲೆ ಆ ಇಪ್ಪತ್ಮೂರು ಮನೆಗಳಿಗೆ ನಡೆದೇ ಹೋಗಿ ಚೀಟಿ ಹಿಂಪಡೆಯಬೇಕು. ನಡಿಗೆ ಆರೋಗ್ಯಕ್ಕೆ ಒಳ್ಳೆಯದೆಂದು ತಮ್ಮ ಬ್ಯಾನರಿನಲ್ಲೇ ಉಂಟು.

ಇಂಚಿಂಚಿಗೂ ತಮ್ಮ ವಿಶ್ವಾಸಿ,
ಲವೀನಾ

ಮರೆತ ಮಾತು: ಕಳೆದ ವಾರ ಸೊಂಟ ಸಡಿಲಿಸಲೆಂದು ತಮ್ಮ ಡ್ರೈವರ್ ಸುಂದರ ತಂದುಕೊಟ್ಟ ತಮ್ಮ ನಾಲ್ಕು ಪ್ಯಾಂಟುಗಳು ಸಿದ್ಧವಾಗಿವೆ. ಎಷ್ಟು ಇಂಚು ಬಿಟ್ಟೆನೆಂದು ಯಾರಿಗೂ ಹೇಳಿಲ್ಲ. ನಮ್ಮ ಕಸುಬಿನಲ್ಲಿ ಅದನ್ನು ಕೂಗಿ ಹೇಳುವುದಿಲ್ಲ.